ಆರ್ಡರಿಗೆ ಎಂಟು ವರ್ಷ, ಸಾಲಕ್ಕೆ ಇಪ್ಪತ್ತು ವರ್ಷ

(ಗುಬ್ಬಿಯ ಹೆಲಿಕಾಪ್ಟರ್ ಕಾರ್ಖಾನೆ, ನಮ್ಮ ಹುಡುಗರ ಕೆಲಸ ಮತ್ತು ಮನೆ ಬಾಡಿಗೆ ಎಂಬ ವಿಷಯವಾಗಿ ಅರಸೀಕೆರೆಯಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ನಿಮ್ಮ ಮುಂದೆ ಇಡುವುದು ಒಂದು ಲೆಕ್ಕ. 2025ರ ಮಾರ್ಚ್ 28ರಂದು ಭಾರತ ಸರ್ಕಾರದ ರಕ್ಷಣಾ ಮಂತ್ರಾಲಯವು ಎಚ್‌ಎಎಲ್ ಕಂಪನಿಯ ಜೊತೆ ಎರಡು ಕರಾರುಗಳಿಗೆ ಸಹಿ ಹಾಕಿತು. ‘ಪ್ರಚಂಡ’ ಎಂಬ ಹಗುರ ಯುದ್ಧ ಹೆಲಿಕಾಪ್ಟರುಗಳು, ಒಟ್ಟು 156. ಅದರಲ್ಲಿ ವಾಯುಪಡೆಗೆ 66, ಭೂಸೇನೆಗೆ 90. ತೆರಿಗೆ ಬಿಟ್ಟು 62,700 ಕೋಟಿ ರೂಪಾಯಿ. ಇವು ತಯಾರಾಗುವುದು ಎರಡು ಕಡೆ: ಒಂದು ಬೆಂಗಳೂರು, ಇನ್ನೊಂದು ತುಮಕೂರು.

ತುಮಕೂರು ಎಂದು ಕಾಗದದಲ್ಲಿ ಬರೆದರೂ ಆ ಕಾರ್ಖಾನೆ ಇರುವುದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 615 ಎಕರೆಯಲ್ಲಿ. ಕಾವಲು ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ದನ ಮೇಯುವ ನೆಲಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಅದು. ಅರಸೀಕೆರೆಯಲ್ಲಿ ರೈಲು ಹತ್ತಿದರೆ ತಿಪಟೂರು, ನಿಟ್ಟೂರು ದಾಟಿ ಗುಬ್ಬಿ. ಹತ್ತಿರ ಹತ್ತಿರ ಎಂಬತ್ತು ಕಿಲೋಮೀಟರು. ಬೇಲೂರು, ಹಳೇಬೀಡು, ಜಾವಗಲ್, ಬಾಣಾವರದ ಮೇಲೆ ಬಂದು ನಮ್ಮೂರನ್ನು ಹಾಯ್ದು ತುಮಕೂರಿಗೆ ಹೋಗುವ ಹೆದ್ದಾರಿಯೂ ಆ ಕಡೆಗೇ ಹೋಗುತ್ತದೆ. ಆದ್ದರಿಂದ ಆ ಕಾರ್ಖಾನೆಯ ಸುದ್ದಿ ಬೇರೆ ಜಿಲ್ಲೆಯ ಸುದ್ದಿ ಎಂದು ನಾವು ಸುಮ್ಮನೆ ಕೂರುವಂತಿಲ್ಲ. ಕೆಲಸ ಹುಡುಕಿಕೊಂಡು ಹೋಗುವವರು ನಮ್ಮ ಮಕ್ಕಳು. ಅಲ್ಲಿ ಬಾಡಿಗೆ ಕೊಡುವವರೂ ಅವರೇ. ಆ ಹೆಸರು ಹೇಳಿಕೊಂಡು ಸೈಟು ಮಾರುವವರು ಬಂದು ಬಾಗಿಲು ತಟ್ಟುವುದು ನಮ್ಮದನ್ನೇ.

ದೇಶದ ರಕ್ಷಣೆ ಬೇಡವೆನ್ನುವವರು ಇಲ್ಲಿ ಯಾರೂ ಇಲ್ಲ. ಐದು ಸಾವಿರ ಮೀಟರಿಗೂ ಮೇಲಿನ ಎತ್ತರದಲ್ಲಿ, ಹಿಮದಲ್ಲಿ, ನಿಂತಿರುವ ಸಿಪಾಯಿಗಳಲ್ಲಿ ನಮ್ಮ ಹಾಸನ ಜಿಲ್ಲೆಯ ಮಕ್ಕಳೂ ಇದ್ದಾರೆ. ಆ ಎತ್ತರದಲ್ಲಿ ಕೆಲಸ ಮಾಡುವ ಯಂತ್ರವನ್ನು ನಮ್ಮ ದೇಶದವರೇ ರೂಪಿಸಿ, ನಮ್ಮ ನಾಡಿನಲ್ಲೇ ಕಟ್ಟುತ್ತಾರೆಂದರೆ ಸಂತೋಷವೇ. ನಾನು ಕೇಳುವ ಪ್ರಶ್ನೆ ಬೇರೆ. ಈ ಹಣ ಜನರ ಹಣ. ಅದು ಕೂಲಿಯಾಗಿ ಎಷ್ಟು ಜನರ ಕೈ ಸೇರುತ್ತದೆ, ಎಷ್ಟು ವರ್ಷ ಸೇರುತ್ತದೆ, ಸೇರಿದ್ದರಲ್ಲಿ ಮನೆಯ ಯಜಮಾನನಿಗೆ ಎಷ್ಟು ಹೋಗುತ್ತದೆ?

ಮೊದಲು ಕೆಲಸದ ಮಾತು.

ಸರ್ಕಾರದ ಹೇಳಿಕೆಯ ಪ್ರಕಾರ ಈ ಆರ್ಡರಿನಿಂದ ನೇರ ಮತ್ತು ಪರೋಕ್ಷ ಸೇರಿ 8,500ಕ್ಕೂ ಹೆಚ್ಚು ಉದ್ಯೋಗ. 250ಕ್ಕೂ ಹೆಚ್ಚು ದೇಶೀ ಕಂಪನಿಗಳಿಗೆ, ಅದರಲ್ಲೂ ಬಹುಪಾಲು ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ, ಕೆಲಸ. ಈ ಸಂಖ್ಯೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಓದುವುದನ್ನು ಕಲಿಯೋಣ. 8,500 ಎಂದರೆ ಗುಬ್ಬಿಯೊಂದರಲ್ಲೇ 8,500 ಅಲ್ಲ. ಆ 250 ಕಂಪನಿಗಳು ಎಲ್ಲೆಲ್ಲಿ ಇವೆಯೋ ಅಲ್ಲಲ್ಲಿ ಹರಡಿದ ಲೆಕ್ಕ ಅದು. ಪರೋಕ್ಷ ಎಂಬ ಮಾತಿನೊಳಗೆ ಲಾರಿ ಓಡಿಸುವವನೂ ಬರುತ್ತಾನೆ, ಗೇಟಿನ ಹೊರಗೆ ಚಹಾ ಮಾರುವವನೂ ಬರಬಹುದು. 62,700 ಕೋಟಿಯನ್ನು 8,500ರಿಂದ ಭಾಗಿಸಿ ನೋಡಿ: ಒಂದು ಉದ್ಯೋಗಕ್ಕೆ ಏಳು ಕೋಟಿ ಮೂವತ್ತೇಳು ಲಕ್ಷ ರೂಪಾಯಿ ಬೀಳುತ್ತದೆ. ಆ ಹಣವೆಲ್ಲ ಕೂಲಿಯಲ್ಲ. ಎಂಜಿನ್ನು, ಲೋಹ, ಶಸ್ತ್ರ, ಉಪಕರಣ ಎಲ್ಲದರ ಬೆಲೆಯೂ ಅದರಲ್ಲಿದೆ. ಇಷ್ಟು ದೊಡ್ಡ ಮೊತ್ತ ಕೇಳಿದ ಕೂಡಲೇ ಅಷ್ಟೇ ದೊಡ್ಡ ಕೂಲಿಯ ಹೊಳೆ ಹರಿಯುತ್ತದೆಂದು ಎಣಿಸಬಾರದು ಎನ್ನುವುದಕ್ಕೆ ಈ ಲೆಕ್ಕ ಹೇಳಿದೆ.

ಎರಡನೆಯದು, ಅವಧಿ. ಕರಾರಿನ ಪ್ರಕಾರ ಹೆಲಿಕಾಪ್ಟರುಗಳ ಪೂರೈಕೆ ಶುರುವಾಗುವುದು ಮೂರನೆಯ ವರ್ಷದಿಂದ. ಆ ಮೇಲೆ ಐದು ವರ್ಷಗಳಲ್ಲಿ ಪೂರ್ತಿಯಾಗಬೇಕು. ಅಂದರೆ 2033ರ ಸುಮಾರಿಗೆ ಈ ಆರ್ಡರು ಮುಗಿಯುತ್ತದೆ. ಒಟ್ಟು ಏಳೆಂಟು ವರ್ಷದ ಕೆಲಸ. 156ನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 31. ಅದೂ ಎರಡು ಕಾರ್ಖಾನೆಗಳು ಸೇರಿ. ಆದರೆ 2023ರ ಫೆಬ್ರವರಿ 6ರಂದು ಗುಬ್ಬಿಯ ಕಾರ್ಖಾನೆಯನ್ನು ಉದ್ಘಾಟಿಸಿದಾಗ ಹೇಳಿದ್ದೇನು? ಮೊದಲು ವರ್ಷಕ್ಕೆ 30, ಆಮೇಲೆ 60, ಆಮೇಲೆ 90. ಇಪ್ಪತ್ತು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಹೆಲಿಕಾಪ್ಟರು, ನಾಲ್ಕು ಲಕ್ಷ ಕೋಟಿ ರೂಪಾಯಿಗೂ ಮೀರಿದ ವ್ಯವಹಾರ, ಸುಮಾರು 6,000 ಜನರಿಗೆ ಉದ್ಯೋಗ. ಇದು ಯೋಜನೆ. 156 ಎನ್ನುವುದು ಆರ್ಡರು. ಬೇರೆ ಆರ್ಡರುಗಳೂ ಬರಲಿ, ಬಂದರೆ ಸಂತೋಷ. ಆದರೆ ಯೋಜನೆಯನ್ನು ಆರ್ಡರೆಂದು ತಿಳಿದು ಮನೆಗೆ ಪಾಯ ತೋಡಿದವನು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವನು.

ಈ ಕಾರ್ಖಾನೆಗೆ ಅಡಿಗಲ್ಲು ಇಟ್ಟದ್ದು 2016ರ ಜನವರಿ 3ರಂದು. ಉದ್ಘಾಟನೆ ಆದದ್ದು 2023ರಲ್ಲಿ. ನಡುವೆ ಏಳು ವರ್ಷ ಕಳೆಯಿತು. ದೊಡ್ಡ ಆರ್ಡರು ಬಂದದ್ದು ಇನ್ನೂ ಎರಡು ವರ್ಷಕ್ಕೆ. ಅಡಿಗಲ್ಲಿನ ಸುದ್ದಿ ಕೇಳಿ ಅವತ್ತೇ ಸಾಲ ಮಾಡಿ ಬಾಡಿಗೆ ಮನೆ ಕಟ್ಟಿದವನೊಬ್ಬನಿದ್ದರೆ, ಅವನು ಒಂಬತ್ತು ವರ್ಷ ಬಡ್ಡಿ ಕಟ್ಟಿದ ಮೇಲೆ ಈ ಆರ್ಡರು ಬಂದಂತಾಯಿತು.

ಮೂರನೆಯದು, ಎಂಥ ಕೆಲಸ ಎಂಬುದು. ಕಾರ್ಖಾನೆಯ ಗೇಟಿನೊಳಗೆ ಹೋಗುವವರೆಲ್ಲ ಒಂದೇ ಜಾತಿಯ ನೌಕರರಲ್ಲ. ಖಾಯಂ ನೌಕರ ಒಬ್ಬ. ಅವಧಿ ನೌಕರ ಒಬ್ಬ. ನಾಲ್ಕು ವರ್ಷದ ಅವಧಿಗೆಂದೇ ತಂತ್ರಜ್ಞರನ್ನೂ ಆಪರೇಟರುಗಳನ್ನೂ ಕರೆದ ಜಾಹೀರಾತುಗಳು ಎಚ್‌ಎಎಲ್‌ನಿಂದ ಬಂದಿವೆ. ಕಂಟ್ರಾಕ್ಟುದಾರನ ಕೈಕೆಳಗೆ ದುಡಿಯುವವನು ಇನ್ನೊಬ್ಬ. ಐಟಿಐ ಮುಗಿಸಿ ಬಂದ ಅಪ್ರೆಂಟಿಸ್ ಮತ್ತೊಬ್ಬ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕರಾರಿನಲ್ಲಿ ಬರೆದಿಲ್ಲದಿದ್ದರೆ ತರಬೇತಿ ಮುಗಿದ ಮೇಲೆ ಅವನಿಗೆ ಕೆಲಸ ಕೊಡಬೇಕೆಂಬ ಕಟ್ಟುಪಾಡು ಯಜಮಾನನಿಗಿಲ್ಲ. ನಾಲ್ವರೂ ಒಂದೇ ಬಸ್ಸಿನಲ್ಲಿ ಬರುತ್ತಾರೆ, ಒಂದೇ ಸೈರನ್ನಿಗೆ ಒಳಗೆ ಹೋಗುತ್ತಾರೆ. ಆದರೆ ಬ್ಯಾಂಕಿನವನು ಮನೆ ಸಾಲಕ್ಕೆ ಕೂರಿಸಿ ಮಾತಾಡಿಸುವುದು ಮೊದಲನೆಯವನನ್ನು. ಬಾಡಿಗೆ ಮಾತ್ರ ನಾಲ್ವರಿಗೂ ಒಂದೇ.

ಈಗ ವರ್ತಕ ಮಿತ್ರರ ಮಾತು.

ಕಾರ್ಖಾನೆ ಬಂದರೆ ವ್ಯಾಪಾರ ಏಳುತ್ತದೆ ಎಂದು ನೀವು ಹೇಳುತ್ತೀರಿ. ನಿಜ, ಏಳುತ್ತದೆ. ಆದರೆ ಯಾವ ವ್ಯಾಪಾರ? ಹೆಲಿಕಾಪ್ಟರಿನ ಬಿಡಿಭಾಗ ಮಾಡಲು ನಮ್ಮೂರ ಲೇತ್ ಅಂಗಡಿಯವನು ಹೋದರೆ ಮೊದಲು ಕೇಳುವುದು ವಿಮಾನೋದ್ಯಮದ ಗುಣಮಟ್ಟದ ಸರ್ಟಿಫಿಕೇಟು. ಅದನ್ನು ಪಡೆಯಲು ಬೇಕಾದ ಯಂತ್ರ, ಅಳತೆಯ ಉಪಕರಣ, ದಾಖಲೆ ಇಡುವ ಗುಮಾಸ್ತ, ಇವುಗಳ ಖರ್ಚು ಒಂಟಿ ಅಂಗಡಿಯವನಿಗೆ ನಿಲುಕುವುದಿಲ್ಲ. ಕ್ಯಾಂಟೀನಿನ ಅಕ್ಕಿ ಬೇಳೆ ಟೆಂಡರಿನಲ್ಲಿ ಹೋಗುತ್ತದೆ. ದೊಡ್ಡ ಕಂಟ್ರಾಕ್ಟುದಾರ ಸಗಟು ಪೇಟೆಯಿಂದ ತರಿಸುತ್ತಾನೆ. ನಮ್ಮ ಕಿರಾಣಿ ಅಂಗಡಿಗೆ, ಬಟ್ಟೆ ಅಂಗಡಿಗೆ, ಸೈಕಲ್ಲು ಮೋಟಾರು ರಿಪೇರಿಗೆ ಬರುವ ಹಣ ಒಂದೇ ದಾರಿಯಿಂದ ಬರಬೇಕು: ಕೆಲಸಗಾರನ ಸಂಬಳದಿಂದ. ಅವನ ಸಂಬಳದಲ್ಲಿ ಬಾಡಿಗೆ ಎಷ್ಟು ತಿನ್ನುತ್ತದೋ ಅಷ್ಟು ನಿಮ್ಮ ಅಂಗಡಿಗೆ ಕಡಿಮೆ. ಆದ್ದರಿಂದ ಬಾಡಿಗೆಯ ವಿಷಯದಲ್ಲಿ ಕೆಲಸಗಾರನೂ ಸಣ್ಣ ವರ್ತಕನೂ ಒಂದೇ ದೋಣಿಯಲ್ಲಿದ್ದಾರೆ. ಮನೆ ಬಾಡಿಗೆ ಏರಿದ ಕಡೆ ಅಂಗಡಿ ಬಾಡಿಗೆಯೂ ಏರುತ್ತದೆ ಎಂಬುದನ್ನು ಮರೆಯಬೇಡಿ.

ಒಂದನ್ನೇ ನಂಬಿದರೆ ಏನಾಗುತ್ತದೆ ಎಂಬುದು ಈ ಸೀಮೆಯವರಿಗೆ ಹೊಸ ಪಾಠವಲ್ಲ. 2023ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಎಂದು ಘೋಷಣೆಯಾಗಿತ್ತು. ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಬಿತ್ತು. ತೆಂಗು ಬೆಳೆದವನ ಕೈ ಬರಿದಾದರೆ ಅಂಗಡಿಯ ಸಾಲದ ಪುಸ್ತಕ ತುಂಬುತ್ತದೆ. ಕೊಬ್ಬರಿಗಾದರೆ ಮುಂದಿನ ವರ್ಷ ಬೆಲೆ ಬರುವ ಆಸೆಯುಂಟು, ಮರ ಅಲ್ಲೇ ನಿಂತಿರುತ್ತದೆ. ಆರ್ಡರು ನಿಂತ ಕಾರ್ಖಾನೆಯಲ್ಲಿ ಏನು ನಿಂತಿರುತ್ತದೆ? ಇದಕ್ಕೆ ದೂರ ಹೋಗಬೇಕಾಗಿಲ್ಲ.

ತುಮಕೂರಿನಲ್ಲಿ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಇತ್ತು. ಅದೂ ಸರ್ಕಾರದ್ದೇ. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ವಾಚು ಕಟ್ಟದಿದ್ದರೆ ಮರ್ಯಾದೆಯಲ್ಲ ಎನ್ನುವ ಕಾಲವಿತ್ತು. ಆ ಕಾರ್ಖಾನೆಯ ಸಂಬಳ ನಂಬಿ ತುಮಕೂರಿನಲ್ಲಿ ಮನೆ ಕಟ್ಟಿದವರು, ಮಕ್ಕಳನ್ನು ಓದಿಸಿದವರು, ಅಂಗಡಿ ಇಟ್ಟವರು ಎಷ್ಟೋ ಜನ. 2016ರ ಜನವರಿಯಲ್ಲಿ, ಗುಬ್ಬಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆಗೆ ಅಡಿಗಲ್ಲು ಬಿದ್ದ ಆ ವಾರದಲ್ಲೇ, ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ನೌಕರರಿಗೆ 2007ರ ವೇತನ ಶ್ರೇಣಿಯ ಮೇಲೆ ಸ್ವಯಂ ನಿವೃತ್ತಿ. ಕಾರ್ಖಾನೆಯ ನೆಲ ಮುಂದೆ ಇಸ್ರೋ ಸಂಸ್ಥೆಗೆ ಹೋಯಿತು. ಒಂದೇ ಜಿಲ್ಲೆ, ಒಂದೇ ತಿಂಗಳು: ಒಂದು ಕಡೆ ಅಡಿಗಲ್ಲು, ಇನ್ನೊಂದು ಕಡೆ ಬೀಗ. ಹೊಸ ಕಾರ್ಖಾನೆ ತೆರೆದಾಗ ಹಾರ ತರುವವರು ಬಹಳ. ಹಳೆಯದು ಮುಚ್ಚಿದಾಗ ಕೆಲಸಗಾರನ ಮನೆ ಸಾಲ ಎಷ್ಟು ಉಳಿದಿದೆ ಎಂದು ಕೇಳುವವರು ಯಾರು?

ಎಚ್‌ಎಎಲ್‌ನ ಚರಿತ್ರೆಯಲ್ಲೇ ಇನ್ನೊಂದು ಪಾಠವಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆಲ ಮತ್ತು ಹಣದ ನೆರವಿನಿಂದ ಬೆಂಗಳೂರಿನಲ್ಲಿ ಆ ಕಾರ್ಖಾನೆ ಶುರು ಮಾಡಿದರು. ಯುದ್ಧ ಜೋರಾಗಿತ್ತು. 1942ರಲ್ಲಿ ಭಾರತ ಸರ್ಕಾರ ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1943ರಲ್ಲಿ ಅದು ಅಮೆರಿಕದ ವಾಯುಪಡೆಯ ಕೈಗೆ ಹೋಗಿ ವಿಮಾನಗಳ ರಿಪೇರಿ ಕಾರ್ಖಾನೆಯಾಯಿತು. ಸಾವಿರಾರು ಜನರಿಗೆ ಹಗಲೂ ರಾತ್ರಿ ಕೆಲಸ. 1945ರಲ್ಲಿ ಯುದ್ಧ ಮುಗಿಯಿತು, ಕೆಲಸವೂ ಇಳಿಯಿತು, ಕೆಲಸಗಾರರ ಸಂಖ್ಯೆಯೂ ಇಳಿಯಿತು. ಉಳಿದವರ ಒಲೆ ಉರಿದದ್ದು ಯಾವುದರಿಂದ? ಯುದ್ಧವಿಮಾನದಿಂದಷ್ಟೇ ಅಲ್ಲ, ಆ ಕಾರ್ಖಾನೆ ರೈಲು ಬೋಗಿಗಳನ್ನು ಕಟ್ಟಿತು, ಬಸ್ಸಿನ ಮೈ ಕಟ್ಟಿತು. ಆ ಬೋಗಿಯ ಕೆಲಸವೇ ಮುಂದೆ 1964ರಲ್ಲಿ ಹುಟ್ಟಿದ ಬಿಇಎಂಎಲ್ ಕಂಪನಿಗೆ ಬುನಾದಿಯಾಯಿತು. ಯುದ್ಧದ ಆರ್ಡರು ಬರುತ್ತದೆ, ಹೋಗುತ್ತದೆ. ಜನ ಓಡಾಡುವುದಕ್ಕೆ ಬೇಕಾದ ಸಾಮಾನು ಸದಾ ಬೇಕಾಗುತ್ತದೆ. ಇದನ್ನು ಗುಬ್ಬಿಯ ವಿಷಯದಲ್ಲೂ ಮನಸ್ಸಿನಲ್ಲಿಡಿ.

ಈಗ ಮನೆಯ ಮಾತಿಗೆ ಬರುತ್ತೇನೆ.

ಕೆಲಸ ಬರುವುದಕ್ಕೆ ವರ್ಷಗಳು ಬೇಕು. ಬಾಡಿಗೆ ಏರುವುದಕ್ಕೆ ಒಂದು ಸುದ್ದಿ ಸಾಕು. ಏಕೆ ಹೀಗೆ? ಮನೆ ಒಂದು ದಿನದಲ್ಲಿ ಎದ್ದು ನಿಲ್ಲುವುದಿಲ್ಲ. ಇರುವ ಮನೆಗಳು ಇಷ್ಟೇ. ಕೇಳಿಕೊಂಡು ಬರುವವರು ಹೆಚ್ಚು. ಕಾರ್ಖಾನೆ ಕಟ್ಟಲು ಬಂದ ಎಂಜಿನಿಯರುಗಳು, ಕಂಟ್ರಾಕ್ಟುದಾರರು ಮೊದಲು ಬರುತ್ತಾರೆ. ಕಂಪನಿ ಬಾಡಿಗೆ ಭತ್ಯೆ ಕೊಡುವುದರಿಂದ ಕೇಳಿದಷ್ಟು ಕೊಡುತ್ತಾರೆ. ಆ ದರವೇ ಊರಿನ ದರವಾಗುತ್ತದೆ. ಆಮೇಲೆ ಬರುವ ಫಿಟ್ಟರು, ವೆಲ್ಡರು, ಕ್ಯಾಂಟೀನಿನ ಹುಡುಗ, ಕಸ ಗುಡಿಸುವ ಹೆಂಗಸು ಅದೇ ದರದ ಮುಂದೆ ನಿಲ್ಲಬೇಕು. ಜೊತೆಗೆ ಹತ್ತು ತಿಂಗಳ ಅಡ್ವಾನ್ಸು ಎಂಬ ಬೆಂಗಳೂರಿನ ಪದ್ಧತಿ ರೈಲು ಹತ್ತಿ ಈ ಕಡೆ ಬರುತ್ತದೆ. ಹನ್ನೊಂದು ತಿಂಗಳ ಕರಾರು ಪತ್ರ. ಹನ್ನೆರಡನೆಯ ತಿಂಗಳು ಹೊಸ ಬಾಡಿಗೆ. ಕಾರ್ಖಾನೆಗೆ ಒಂದು ಗಂಟೆ ಬೆವರು ಸುರಿಸದ ಮನೆ ಮಾಲೀಕನಿಗೆ ಅದರ ಲಾಭ ಮೊದಲು ಸೇರುತ್ತದೆ.

ಹಾಗಾದರೆ ನಾವೂ ಮನೆ ಕಟ್ಟಿಸಿ ಬಾಡಿಗೆಗೆ ಬಿಡೋಣ ಎನ್ನುವ ಸಣ್ಣ ವರ್ತಕರು ಈ ಲೆಕ್ಕ ಕೇಳಬೇಕು. ಇಪ್ಪತ್ತು ಲಕ್ಷ ಸಾಲ, ನೂರಕ್ಕೆ ಒಂಬತ್ತು ಬಡ್ಡಿ, ಇಪ್ಪತ್ತು ವರ್ಷದ ಕಂತು. ತಿಂಗಳಿಗೆ ಸುಮಾರು 18,000 ರೂಪಾಯಿ. ಎಂಟು ವರ್ಷ ತಪ್ಪದೆ ಕಟ್ಟಿದಿರಿ ಎನ್ನಿ; ಒಟ್ಟು ಹದಿನೇಳು ಲಕ್ಷಕ್ಕೂ ಮೇಲೆ ಕಟ್ಟಿದಂತಾಯಿತು. ಅಸಲು ಎಷ್ಟು ಉಳಿದಿರುತ್ತದೆ ಗೊತ್ತೇ? ಹದಿನೈದು ಲಕ್ಷ ಎಂಬತ್ತು ಸಾವಿರದ ಹತ್ತಿರ. ಅಷ್ಟರಲ್ಲಿ ಈಗಿನ ಆರ್ಡರು ಮುಗಿದಿರುತ್ತದೆ. ಅವಧಿ ನೌಕರನ ನಾಲ್ಕು ವರ್ಷ ಎರಡು ಸಲ ಮುಗಿದಿರುತ್ತದೆ. ನೌಕರಿಗೆ ನಾಲ್ಕು ವರ್ಷ, ಆರ್ಡರಿಗೆ ಎಂಟು ವರ್ಷ, ಸಾಲಕ್ಕೆ ಇಪ್ಪತ್ತು ವರ್ಷ. ಈ ಮೂರು ಆಯುಸ್ಸುಗಳು ಒಂದಕ್ಕೊಂದು ಹೊಂದುವುದಿಲ್ಲ. ಹೊಂದದ ಕಡೆ ಬೀಳುವ ಹೊರೆ ಕಂಪನಿಯ ಮೇಲಲ್ಲ, ಬ್ಯಾಂಕಿನ ಮೇಲಲ್ಲ. ಸಹಿ ಹಾಕಿದವನ ಮನೆಯ ಮೇಲೆ. ನಾನು ಇವತ್ತು ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇದೊಂದೇ.

ಯಾರಾದರೂ ಬಂದು ಹೆಲಿಕಾಪ್ಟರ್ ಕಾರ್ಖಾನೆ ಹತ್ತಿರ, ಎರಡು ವರ್ಷದಲ್ಲಿ ಬೆಲೆ ಎರಡರಷ್ಟು ಎಂದು ಸೈಟು ತೋರಿಸಿದರೆ ಮೂರು ಕಾಗದ ಕೇಳಿ: ಭೂ ಪರಿವರ್ತನೆಯ ಆದೇಶ, ಬಡಾವಣೆ ನಕ್ಷೆಯ ಅನುಮೋದನೆ, ಇ-ಖಾತೆ. ಮೂರೂ ಇಲ್ಲದಿದ್ದರೆ ಚಹಾ ಕುಡಿಸಿ ಕಳಿಸಿಬಿಡಿ. ತೋಟ ಮಾರಿ ಸೈಟು ಕೊಳ್ಳಬೇಡಿ. ಇರುವ ಮನೆಯ ಮೇಲೆ ಸ್ವಂತ ಹಣದಿಂದ ಒಂದು ಕೋಣೆ ಎತ್ತುವುದು ಬೇರೆ, ಬಡ್ಡಿ ಹಣದಿಂದ ನಾಲ್ಕು ಮನೆ ಎತ್ತುವುದು ಬೇರೆ.

ಇದಿಷ್ಟೂ ಒಬ್ಬೊಬ್ಬರು ಪಡಬೇಕಾದ ಎಚ್ಚರ. ಆದರೆ ಒಬ್ಬೊಬ್ಬರ ಎಚ್ಚರದಿಂದ ಬಾಡಿಗೆ ಇಳಿಯುವುದಿಲ್ಲ, ಕೆಲಸ ಖಾಯಂ ಆಗುವುದಿಲ್ಲ. ಅದಕ್ಕೆ ಒಟ್ಟಾಗಿ ಕೇಳಬೇಕಾದ ಬೇಡಿಕೆಗಳಿವೆ.

ಒಂದು, ಸ್ಥಳೀಯರಿಗೆ ಕೆಲಸ. 1983ರಲ್ಲಿ ನೇಮಕವಾದ ಸರೋಜಿನಿ ಮಹಿಷಿ ಸಮಿತಿ 58 ಶಿಫಾರಸುಗಳನ್ನು ಕೊಟ್ಟಿತು. ಕೇಂದ್ರದ ಉದ್ದಿಮೆಗಳಲ್ಲಿ ಸಿ ಮತ್ತು ಡಿ ದರ್ಜೆಯ ಕೆಲಸಗಳು ಕನ್ನಡಿಗರಿಗೇ ಎಂಬುದು ಅದರಲ್ಲೊಂದು. 2024ರ ಜುಲೈ ತಿಂಗಳಲ್ಲಿ ರಾಜ್ಯ ಸಂಪುಟ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಗದ್ದಲ ಮಾಡಿದ ಕೂಡಲೇ ಎರಡೇ ದಿನದಲ್ಲಿ ತಡೆಹಿಡಿಯಿತು. ಮೀಸಲಿನ ವಾದ ಹಾಗಿರಲಿ. ಎಷ್ಟು ಜನರನ್ನು ತೆಗೆದುಕೊಂಡರು, ಯಾವ ತಾಲ್ಲೂಕಿನವರು, ಖಾಯಂ ಎಷ್ಟು, ಕಂಟ್ರಾಕ್ಟು ಎಷ್ಟು ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸಿರೆಂದು ಕೇಳುವುದಕ್ಕೆ ಯಾವ ಕಾಯಿದೆಯೂ ಬೇಕಾಗಿಲ್ಲ. ನಮ್ಮ ಸರ್ಕಾರಿ ಐಟಿಐಗಳಲ್ಲಿ ಆ ಕಾರ್ಖಾನೆಗೆ ಬೇಕಾದ ಕೆಲಸ ಕಲಿಸಿ, ಕಲಿತವರಿಗೆ ಕೆಲಸದ ಭರವಸೆಯನ್ನು ಕರಾರಿನಲ್ಲೇ ಬರೆಯಿರಿ ಎಂದೂ ಕೇಳಬೇಕು.

ಎರಡು, ಸಮಾನ ಕೆಲಸಕ್ಕೆ ಸಮಾನ ಕೂಲಿ. ಸರ್ಕಾರದ ತಾತ್ಕಾಲಿಕ ನೌಕರರ ವಿಷಯದಲ್ಲಿ ಈ ತತ್ವವನ್ನು ಸುಪ್ರೀಂ ಕೋರ್ಟು 2016ರ ಅಕ್ಟೋಬರಿನಲ್ಲಿ ಎತ್ತಿಹಿಡಿದಿದೆ. ಒಂದೇ ಬೋಲ್ಟನ್ನು ಇಬ್ಬರು ಬಿಗಿಯುತ್ತಿರುವಾಗ ಒಬ್ಬನಿಗೆ ಒಂದು ಸಂಬಳ, ಇನ್ನೊಬ್ಬನಿಗೆ ಅದರ ಚೂರು ಎಂಬುದು ಸಲ್ಲದು.

ಮೂರು, ವಸತಿ. 1950ರ ದಶಕದಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಕಾರ್ಖಾನೆಗಳು ಎದ್ದಾಗ ಅವುಗಳ ಜೊತೆಗೇ ಕೆಲಸಗಾರರ ಕಾಲೊನಿಗಳೂ ಎದ್ದವು. ಜಾಲಹಳ್ಳಿಯ ಬಿಇಎಲ್ ಕಾಲೊನಿ, ಎಚ್‌ಎಂಟಿ ಕಾಲೊನಿ, ದೂರವಾಣಿನಗರದ ಐಟಿಐ ಕಾಲೊನಿ. ಮನೆ, ಶಾಲೆ, ಆಸ್ಪತ್ರೆ, ಆಟದ ಮೈದಾನ. ನಮ್ಮೂರ ರೈಲ್ವೆ ಕ್ವಾರ್ಟರ್ಸನ್ನು ನೋಡಿದವರಿಗೂ ಈ ಮಾತು ಗೊತ್ತು. ಮನೆ ಕಟ್ಟಿಕೊಡುವುದು ಯಜಮಾನನ ಖರ್ಚಿನ ಒಂದು ಭಾಗ ಎಂದು ಆಗ ಒಪ್ಪಿದ್ದರು. ಆರ್ಡರು ನಿಂತ ದಿನ ಖಾಲಿ ಮನೆಯ ನಷ್ಟವೂ ಕಂಪನಿಯದೇ, ಕೆಲಸಗಾರನದಲ್ಲ. 615 ಎಕರೆ ಜನರ ನೆಲ ಪಡೆದ ಕಾರ್ಖಾನೆಯನ್ನು ಕಂಟ್ರಾಕ್ಟು ಕೆಲಸಗಾರರೂ ಸೇರಿ ಎಲ್ಲರಿಗೂ ಬಾಡಿಗೆ ಮನೆ ಕಟ್ಟಿಸೆಂದು ಕೇಳುವುದು ಅತಿಯಾಸೆಯಲ್ಲ.

ನಾಲ್ಕು, ರೈಲು. ಇದು ಎಲ್ಲಕ್ಕಿಂತ ಕಡಿಮೆ ಖರ್ಚಿನ ಬೇಡಿಕೆ, ಅರಸೀಕೆರೆಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಪಾಳಿಯ ಹೊತ್ತಿಗೆ ಸರಿಯಾಗಿ ಅರಸೀಕೆರೆಯಿಂದ ಗುಬ್ಬಿಗೆ, ಗುಬ್ಬಿಯಿಂದ ಅರಸೀಕೆರೆಗೆ ಒಂದು ಕೆಲಸಗಾರರ ರೈಲು, ಅಲ್ಲಿಂದ ಗೇಟಿನವರೆಗೆ ಬಸ್ಸು. ಹಾಗಾದರೆ ಬಾಣಾವರದ ಹುಡುಗ ಅಪ್ಪನ ಮನೆಯಲ್ಲೇ ಮಲಗಿ ಎದ್ದು ಕೆಲಸಕ್ಕೆ ಹೋಗಿಬರುತ್ತಾನೆ. ಅಡ್ವಾನ್ಸಿಗೆಂದು ಅಮ್ಮನ ಸರ ಅಡವಿಡಬೇಕಾಗಿಲ್ಲ. ಅವನ ಸಂಬಳ ಸಂಜೆ ನಮ್ಮ ಪೇಟೆಗೇ ಬರುತ್ತದೆ. ಗುಬ್ಬಿಯಲ್ಲೂ ನಿಟ್ಟೂರಿನಲ್ಲೂ ಬಾಡಿಗೆಯ ಒತ್ತಡ ಇಳಿಯುತ್ತದೆ. ಸೀಸನ್ ಪಾಸು ಎಷ್ಟೇ ಆದರೂ ಒಂದು ಕೋಣೆಯ ಬಾಡಿಗೆಯಷ್ಟು ಆಗುವುದಿಲ್ಲ.

ಐದು, ಆರ್ಡರು ಮುಗಿದ ಮೇಲೆ ಏನು ಎಂಬುದಕ್ಕೆ ಈಗಲೇ ಉತ್ತರ. ರೋಗಿಗಳನ್ನು ಸಾಗಿಸಲು, ನೆರೆಯಲ್ಲಿ ಸಿಕ್ಕಿಬಿದ್ದವರನ್ನು ಎತ್ತಲು, ಬೆಂಕಿ ನಂದಿಸಲು ಬೇಕಾದ ಹೆಲಿಕಾಪ್ಟರುಗಳ ಕೆಲಸವೂ ಅಲ್ಲಿ ನಡೆಯಲಿ. 1945ರ ನಂತರ ರೈಲು ಬೋಗಿ ಮಾಡಿದ ಕೆಲಸವನ್ನು ಮುಂದೆ ಇವು ಮಾಡಬಹುದು.

ಮಿತ್ರರೇ, ಈ ಬೇಡಿಕೆಗಳನ್ನು ಹೊತ್ತು ಒಬ್ಬರೇ ಹೋದರೆ ಜವಾನ ಬಾಗಿಲಲ್ಲೇ ನಿಲ್ಲಿಸುತ್ತಾನೆ. ಗಿರಣಿ ಕೆಲಸಗಾರರೂ ವರ್ತಕರೂ ಒಟ್ಟಾಗಿ ಸಹಿ ಮಾಡಿದ ಮನವಿ ನಗರಸಭೆಗೆ, ಶಾಸಕರಿಗೆ, ಸಂಸದರಿಗೆ, ರೈಲ್ವೆಯವರಿಗೆ ಹೋಗಲಿ. ಅರಸೀಕೆರೆಯ ಜೊತೆ ತಿಪಟೂರಿನವರೂ ಗುಬ್ಬಿಯವರೂ ಸೇರಲಿ. ಹಳಿ ಒಂದೇ, ಕಷ್ಟವೂ ಒಂದೇ. ಮೊದಲ ಹೆಲಿಕಾಪ್ಟರು ಸೇನೆಯ ಕೈ ಸೇರುವುದಕ್ಕೆ ಮುಂಚೆ ಕೇಳಿದರೆ ಕೊಡುವವರಿಗೆ ಅವಸರವಿರುತ್ತದೆ. ಕೊನೆಯದು ಹಾರಿಹೋದ ಮೇಲೆ ಕೇಳಿದರೆ ಕಿವಿ ಇರುವುದಿಲ್ಲ. ಮನವಿಯ ಕಾಗದ ಇಲ್ಲೇ ಮೇಜಿನ ಮೇಲಿದೆ. ಓದಿ ನೋಡಿ, ತಿದ್ದುವುದಿದ್ದರೆ ತಿದ್ದಿ, ಒಪ್ಪಿಗೆಯಾದರೆ ಸಹಿ ಹಾಕಿ.